ತಾನೇ ತೊಳೆದುಕೊಳ್ಳುವ ಸೆನ್ಸರ್

ತೋಡಾರಿನ ಹಸನಬ್ಬರ ಮಗಳು ಮುರ್ಶಿದಾ ಡಿಪ್ಲೊಮಾ ಮುಗಿಸಿ ಬೆಳ್ತಂಗಡಿ ಕಡೆಯ ರಬ್ಬರ್ ಫ್ಯಾಕ್ಟರಿಗೆ ಸೇರಿದ್ದು 2001ರಲ್ಲಿ. ಮೀಟರು, ಸೆನ್ಸರುಗಳನ್ನು ನೋಡಿಕೊಳ್ಳುವ ವಿಭಾಗದಲ್ಲಿ ಅವಳೊಬ್ಬಳೇ ಹೆಣ್ಣು.

ರಬ್ಬರ್ ಹಾಲಿಗೆ ಆಸಿಡ್ ಹಾಕಿ ಗಟ್ಟಿ ಮಾಡಿದ ಮೇಲೆ ಹುಳಿ ನೀರು ಉಳಿಯುತ್ತದೆ. ಅದಕ್ಕೆ ಸುಣ್ಣದ ನೀರು ಬೆರೆಸಿ, ಹುಳಿ ಹೋದ ಮೇಲಷ್ಟೇ ಹೊರಗೆ ಬಿಡಬೇಕು. ತೊಟ್ಟಿಯೊಳಗಿನ ಸೆನ್ಸರ್ ಹುಳಿ ಅಳೆದು ಹೇಳಿದರೆ, ಗೋಡೆಯ ಮೇಲಿನ ಕಂಟ್ರೋಲರ್ ಸುಣ್ಣದ ಪಂಪ್ ನಡೆಸುತ್ತಿತ್ತು. ಆದರೆ ಸೆನ್ಸರಿನ ತುದಿಯಲ್ಲಿರುವ ಗಾಜಿಗೆ ರಬ್ಬರ್ ಮೆತ್ತಿಕೊಂಡಿತೆಂದರೆ ಎಲ್ಲವೂ ಏರುಪೇರು. ನೋಣಯ್ಯ ಎಂಬ ಹಿರಿಯ ಕೆಲಸಗಾರರು ಜಾರುವ ಕಟ್ಟೆಯ ಮೇಲೆ ಬಗ್ಗಿ, ಮತ್ತೆ ಮತ್ತೆ ಅದನ್ನು ಎತ್ತಿ ಒರೆಸಬೇಕಿತ್ತು. ಒಂದು ಮಳೆಗಾಲ ಅವರು ಅಲ್ಲೇ ಬಿದ್ದು ಕೈ ಮುರಿದುಕೊಂಡರು.

ಮುರ್ಶಿದಾ ನೇರ ಮ್ಯಾನೇಜರ್ ಗಣೇಶಪ್ರಸಾದರ ಬಳಿ ಹೋದಳು. "ಸರ್, ಸೆನ್ಸರ್ ತೊಳೆಯುವ ವ್ಯವಸ್ಥೆ ಈ ಕಂಟ್ರೋಲರಿನಲ್ಲೇ ಉಂಟು. ನಾವು ಉಪಯೋಗಿಸ್ತಾ ಇಲ್ಲ ಅಷ್ಟೆ. ಒಂದು ವಾಲ್ವ್, ಸ್ವಲ್ಪ ಪೈಪ್ ಕೊಡಿ, ನಾನು ಕೂರಿಸ್ತೇನೆ."

"ಆಯ್ತು, ಮಾಡಿ ನೋಡುವ," ಎಂದರು ಅವರು.

ಮೊದಲ ಸಲ ನೀರು ಚಿಮ್ಮಿ ಗಾಜೇನೋ ಫಳಫಳ ಹೊಳೆಯಿತು. ಆದರೆ ಸುಣ್ಣದ ಪಂಪ್ ಗಪ್ಪೆಂದು ನಿಂತಿತು. ಸೆನ್ಸರ್ ಅಳೆದದ್ದು ತೊಳೆಯುವ ಒಳ್ಳೆಯ ನೀರನ್ನು. ಕಂಟ್ರೋಲರ್ ಮಾತ್ರ ತೊಟ್ಟಿಯ ಹುಳಿಯೇ ಹೋಯಿತೆಂದು ತಿಳಿದಿತ್ತು. ಮುರ್ಶಿದಾ ಓಡಿಹೋಗಿ ಹೊರಗೆ ಹರಿಯುವ ನೀರನ್ನು ತಡೆದಳು. ಸುತ್ತ ನಿಂತವರೆದುರು ಅವಳ ಮುಖ ಕೆಂಪಾಯಿತು.

"ಬಿಟ್ಟುಬಿಡುವುದಾ?" ಎಂದು ಗಣೇಶಪ್ರಸಾದ್ ಮೆಲ್ಲಗೆ ಕೇಳಿದರು.

"ಇಲ್ಲ ಸರ್. ಎಲ್ಲಿ ತಪ್ಪಿತು ಅಂತ ಗೊತ್ತಾಯ್ತಲ್ಲ!"

ತೊಳೆಯುವಾಗಲೂ, ತೊಳೆದ ಸೆನ್ಸರ್ ಮತ್ತೆ ತೊಟ್ಟಿಯ ನೀರಿಗೆ ಹೊಂದಿಕೊಳ್ಳುವವರೆಗೂ ಕಂಟ್ರೋಲರ್ ಹಿಂದಿನ ಅಳತೆಯನ್ನೇ ಹಿಡಿದಿಟ್ಟುಕೊಳ್ಳುವಂತೆ ಅವಳು ಬದಲಾಯಿಸಿದಳು. ಈ ಬಾರಿ ನೀರು ಚಿಮ್ಮಿತು, ನಿಂತಿತು. ಪಂಪ್ ಮಾತ್ರ ತನ್ನ ಪಾಡಿಗೆ ನಡೆಯುತ್ತಲೇ ಇತ್ತು.

ಕೈ ವಾಸಿಯಾಗಿ ಬಂದ ನೋಣಯ್ಯ ಅದನ್ನು ನೋಡಿ ಪೆಚ್ಚಾದರು. "ಹಾಗಾದ್ರೆ ಇನ್ನು ನನಗೆಂತ ಕೆಲಸ ಮಗಾ?"

"ಇದನ್ನು ನೋಡಿಕೊಳ್ಳುವವರು ಬೇಡವಾ? ಬನ್ನಿ, ಕಲಿಸ್ತೇನೆ," ಎಂದಳು ಮುರ್ಶಿದಾ. ವಾಲ್ವ್ ಬಿಚ್ಚಿ ಕೂರಿಸುವುದನ್ನು ಅವರು ಬೇಗ ಕಲಿತರು. ಹೊರಗಿನವರು ಬಂದಾಗ ಎಲ್ಲರಿಗಿಂತ ಮೊದಲು ಹೋಗಿ, "ನಮ್ಮ ಮುರ್ಶಿದಾ ಮಾಡಿದ್ದು ಮಾರಾಯ್ರೆ," ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ಹೇಳುವಾಗ ಅವಳು ಹತ್ತಿರವಿದ್ದರೆ ನಾಚಿಕೊಳ್ಳುತ್ತಿದ್ದಳು, ಆದರೆ ತಡೆಯುತ್ತಿರಲಿಲ್ಲ.

ಕೆಲವು ವರ್ಷಗಳ ನಂತರ ಕಂಪನಿ ವಾಮದಪದವಿನ ಹತ್ತಿರ ಹೊಸ ಫ್ಯಾಕ್ಟರಿ ಕಟ್ಟಿತು. ಅಲ್ಲಿನ ವಿಭಾಗಕ್ಕೆ ಮುರ್ಶಿದಾಳೇ ಮುಖ್ಯಸ್ಥೆ. ತೊಟ್ಟಿ ಎಲ್ಲಿ ಬರಬೇಕು, ಸೆನ್ಸರ್ ಎಲ್ಲಿ ಇಳಿಯಬೇಕು ಎಂಬುದನ್ನೆಲ್ಲ ಅವಳೇ ನಿಂತು ಗುರುತು ಹಾಕಿಸಿದಳು. ಕಟ್ಟೆಯ ಮೇಲೆ ಬಗ್ಗಿ ಗಾಜು ಒರೆಸುವ ಕೆಲಸವೇ ಅಲ್ಲಿ ಯಾರಿಗೂ ಇರಲಿಲ್ಲ.