ಕರೀಂಸಾಬನ ಚಾಕುವಿನ ಹಿಡಿಕೆ

ಕಮಲಾಪುರದ ಕಂಬಾರ ಮಾಪಣ್ಣ ಅರವತ್ತು ದಾಟಿದವನು. ಕೆಂಪು ಬಾಳೆಯ ತೋಟದವರಿಗೆಲ್ಲ ಗೊನೆ ಕೊಯ್ಯುವ ಚಾಕು ಅವನ ಕುಲುಮೆಯಿಂದಲೇ ಹೋಗಬೇಕು. ಹಿಡಿಕೆಯೊಳಗೆ ಹೋಗುವ ಅಲಗಿನ ಬಾಲಕ್ಕೆ ಮೂರು ಗೆರೆ ಕೊರೆದು, ಅರಗು ತುಂಬಿ ಮುಚ್ಚಿಬಿಡುತ್ತಿದ್ದ. ಗುರುತನ್ನು ಹೊರಗೆ ಕಾಣುವಂತೆ ಕೊರೆಯುವುದು ಅವನಿಗೆ ಬರೀ ಡೌಲು ಅನಿಸುತ್ತಿತ್ತು.

ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮನ ಆಳ್ವಿಕೆಯೂ ಅವನ ಪರ ಹೊಡೆದಾಡಿದ ರಜಾಕಾರರ ದಂಡೂ ಮುಗಿದು ಎರಡು ವರ್ಷವಾಗಿತ್ತು. ಕಲಬುರಗಿಯ ಗಾಜಿಪುರದಲ್ಲಿ ಹಳೆ ಸಾಮಾನು ಮಾರುವ ದೇವಿಂದ್ರಪ್ಪ ಅವನನ್ನು ಕರೆಸಿದ. ವರ್ಗವಾಗಿ ಹೊರಟಿದ್ದ ಮೈಸೂರು ಕಡೆಯ ಅಧಿಕಾರಿಯೊಬ್ಬರಿಗೆ ನೆನಪಿಗೊಂದು ‘ರಜಾಕಾರರ ಚಾಕು’ ಬೇಕಂತೆ. ಅಸಲಿಯೋ ನಕಲಿಯೋ, ಕಸುಬಿನವನೊಬ್ಬ ನೋಡಿ ಹೇಳಬೇಕಂತೆ. ಮನುಷ್ಯರು ಸತ್ತದ್ದು, ಮನೆ ಸುಟ್ಟದ್ದು ಹಾಗಿರಲಿ, ಇವರಿಗೆ ಗೋಡೆಗೆ ತೂಗುಹಾಕಲು ಏನಾದರೂ ಸಿಗಬೇಕು.

“ರಕ್ತದ ಕಲಿ ಇನ್ನಾ ಹಂಗೇ ಅದ ನೋಡ್ರಿ,” ಅಂತ ದೇವಿಂದ್ರಪ್ಪ ಅಂಗಡಿಯಲ್ಲಿ ಕೂತಿದ್ದ ಅಧಿಕಾರಿಯ ಮುಂದೆ ಚಾಕು ಇಟ್ಟ.

ಮಾಪಣ್ಣ ಕೈಗೆತ್ತಿಕೊಂಡ. ಹಿಡಿಕೆ ಎಡಗೈಯ ಹಿಡಿತಕ್ಕೆ ಸವೆದಿತ್ತು. ಕಮಲಾಪುರದ ತೋಟಗಳಲ್ಲಿ ಎಡಗೈಯಲ್ಲಿ ಗೊನೆ ಕೊಯ್ಯುವವನು ಒಬ್ಬನೇ, ಕರೀಂಸಾಬ. ಮಾಪಣ್ಣನ ಮೈಯೆಲ್ಲ ಉರಿದುಹೋಯಿತು. ಆ್ಯಕ್ಷನ್ ಆದ ಕೂಡಲೇ ರಜಾಕಾರರನ್ನು ಹುಡುಕುತ್ತ ಪೊಲೀಸರು ಮನೆಮನೆ ಝಡತಿ ಮಾಡಿದಾಗ ಇದೇ ಚಾಕು ಸಿಕ್ಕಿತೆಂದು ಕರೀಂಸಾಬನನ್ನು ಎಳೆದೊಯ್ದು ಹತ್ತು ತಿಂಗಳು ಜೇಲಿನಲ್ಲಿಟ್ಟಿದ್ದರು. ಜಪ್ತಿಯಾದ ಮಾಲು ಅಂಗಡಿಗೆ ಹೇಗೆ ಬಂತೆಂದು ಕೇಳುವವರಾದರೂ ಯಾರು? ಈ ಚಾಕು ಮಾಡಿದವರು ಯಾರೆಂದು ಆಗ ಊರಲ್ಲಿ ವಿಚಾರಿಸಿದಾಗ, ತನ್ನನ್ನೂ ಕಟ್ಟಿಕೊಂಡು ಹೋದಾರೆಂದು ಹೆದರಿ ಮಾಪಣ್ಣ ಗೊತ್ತಿಲ್ಲ ಅಂದುಬಿಟ್ಟಿದ್ದ. ಅವನ ಸಿಟ್ಟಿನಲ್ಲಿ ಅರ್ಧ ತನ್ನ ಮೇಲೆಯೇ ಇತ್ತು.

“ಇದು ರಕ್ತ ಅಲ್ರಿ ಸಾಹೇಬ್ರ. ಬಾಳಿ ಸೊನಿ. ಎಷ್ಟ್ ತಿಕ್ಕಿದ್ರೂ ಹೋಗಲ್ಲ.”

“ಏ ಮಾಪಣ್ಣ, ಸುಮ್ನ ಅಸಲಿ ಅದ ಅನ್ನು,” ಎಂದು ದೇವಿಂದ್ರಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದ.

ಮಾಪಣ್ಣ ಎದ್ದುಹೋಗಿ ಪಕ್ಕದ ಚಹಾದಂಗಡಿಯ ಕೆಂಡದಲ್ಲಿ ಅಲಗು ಕಾಯಿಸಿದ. ಅರಗು ಕರಗಿ ಹಿಡಿಕೆ ಕಳಚಿ ಬಂತು. ಮರಳಿ ಬಂದು ಅಧಿಕಾರಿಗೆ ತೋರಿಸಿದ: ಬಾಲದ ಮೇಲೆ ಮೂರು ಗೆರೆಗಳಿದ್ದವು.

“ನಾ ಮಾಡಿದ್ದು ಇದು. ಗೊನಿ ಕೊಯ್ಲಾಕ ಮಾಡಿದ್ದು. ಬೇಕಾದ್ರ ಕಾಗದದ ಮ್ಯಾಲ ಹೆಬ್ಬಟ್ಟು ಒತ್ತತೀನಿ.”

ಅಧಿಕಾರಿ ಅಲಗನ್ನು ಆರಲು ಬಿಟ್ಟು, ತಿರುಗಿಸಿ ನೋಡಿದರು. “ಇರಲಿ ಬಿಡಿ. ಗೋಡೆ ಮೇಲಿದ್ರೆ ಸೊನೆ ಯಾವುದು, ರಕ್ತ ಯಾವುದು, ಯಾರಿಗೆ ಗೊತ್ತಾಗುತ್ತೆ?” ಅಂದು ಅದನ್ನು ಪೇಪರಿನಲ್ಲಿ ಸುತ್ತಿಕೊಂಡರು.

ಹಿಡಿಕೆಯನ್ನು ಮಾತ್ರ ಮಾಪಣ್ಣ ಕೊಡಲಿಲ್ಲ. ದೇವಿಂದ್ರಪ್ಪ ಬೈಯುತ್ತಲೇ ಇದ್ದ; ಇವನು ಅದನ್ನು ಧೋತರದ ಅಂಚಿನಲ್ಲಿ ಗಂಟು ಕಟ್ಟಿಕೊಂಡು ನಡೆದೇಬಿಟ್ಟ.

ಸಂಜೆ ಕರೀಂಸಾಬನ ತೋಟಕ್ಕೆ ಹೋಗಿ ಹಿಡಿಕೆ ಮುಂದಿಟ್ಟು ಎಲ್ಲವನ್ನೂ ಹೇಳಿದ, ಅಂದು ಬಾಯಿ ಮುಚ್ಚಿಕೊಂಡಿದ್ದನ್ನೂ ಬಿಡದೆ. ಕರೀಂಸಾಬ ಅದನ್ನು ಎಡಗೈಯಲ್ಲಿ ಹಿಡಿದ. ಬೆರಳುಗಳು ಹಳೆಯ ಸವಕಲಲ್ಲಿ ತಾವಾಗಿ ಕೂತವು.

“ಎರಡ್ ವರ್ಷ ತಡಾ ಆಯ್ತು ಮಾಪಣ್ಣ,” ಅಂದ.

ಆಮೇಲೆ ಹಿಡಿಕೆಯನ್ನು ಮಾಪಣ್ಣನ ಕೈಗೇ ಮರಳಿ ಇಟ್ಟ.

“ನಾಳಿ ಅಲಗು ಹಾಕಿ ಕೊಡು. ಗೊನಿ ಬಲ್ತಾವ.”