ರಫೀಕನ ರೈಫಲ್ಲಿಗೆ ನಾನು ಹಾಕಿದ ಬಫರ್

ರಫೀಕ್, ಆ ಸದ್ದಿನ ವಿಷಯ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಬಫರ್ ‘ಹಾಕ್ಸು’ ಅಂದೆ. ಅಂದು ಮಾರ್ಗರೆಟ್ ಎದುರು ನಾನು ಸುಳ್ಳು ಹೇಳಿದ್ದು ನಿನಗೆ ಗೊತ್ತು. ಹೆದರಿ ಹೇಳಿದೆ ಎಂದುಕೊಂಡು ನೀನು ಸುಮ್ಮನಾಗಿರಬೇಕು. ಹೆದರಿಕೆಯಲ್ಲ ಅದು — ಅದಕ್ಕಿಂತ ಕೀಳಾದದ್ದು.

ಮಾರ್ಗರೆಟ್‌ಳ ಫಾರ್ಮಿಗೆ ನಿನ್ನನ್ನು ಕರೆದುಕೊಂಡು ಹೋದವನು ನಾನು. ಹಿಲ್ಸ್‌ಬರೋದ ನನ್ನ ಮನೆಯಿಂದ ಒಂದು ಗಂಟೆಯ ದಾರಿ; ಹೆಂಡರ್ಸನ್‌ನಲ್ಲಿ ನಿನ್ನ ಟೈರ್ ಅಂಗಡಿಯ ಮುಂದೆ ನಿಲ್ಲಿಸಿ ನಿನ್ನನ್ನು ಹತ್ತಿಸಿಕೊಳ್ಳುತ್ತಿದ್ದೆ. ಅವಳ ಗುಡ್ಡವನ್ನೆಲ್ಲ ಮೊಲಗಳು ತೋಡಿ ಹಾಳು ಮಾಡಿದ್ದವು. ಗಂಡ ಬಿಲ್ ತೀರಿಕೊಂಡ ಮೇಲೆ ಹೊಡೆಯುವವರಿರಲಿಲ್ಲ. ನನಗೆ ಲೈಸೆನ್ಸ್ ಇತ್ತು; ಮೂರು ವರ್ಷ ತಪ್ಪದೆ ಹೋದೆ. ಆ ಮೂರು ವರ್ಷವೂ ಅವಳು ಕೊಡುತ್ತಿದ್ದ ಹಂದಿಮಾಂಸದ ಸ್ಯಾಂಡ್‌ವಿಚ್ಚನ್ನು, ನನಗೆ ಸೇರದು ಎಂದು ಹೇಳುವ ಧೈರ್ಯವಿಲ್ಲದೆ, ಅವಳ ನಾಯಿಗೆ ಹಾಕಿದೆ. ನೀನು ಮೊದಲ ದಿನವೇ ತಿನ್ನುವುದಿಲ್ಲ ಎಂದು ನಗುತ್ತ ಹೇಳಿಬಿಟ್ಟೆ. ಮುಂದಿನ ಶನಿವಾರದಿಂದ ಇಬ್ಬರಿಗೂ ಮೊಟ್ಟೆ.

ಅಷ್ಟು ಸಣ್ಣದರಿಂದ ಶುರುವಾಯಿತು. ನೀನು ಅವಳ ನೀರಿನ ಪಂಪ್ ಸರಿಮಾಡಿದೆ. ನಿನ್ನ ಹರಕು ಇಂಗ್ಲಿಷಿಗೆ ಅವಳು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ನನ್ನ ಹೆಸರು ಪ್ರಕಾಶ್ ಎನ್ನುವುದು ಮೂರು ವರ್ಷವಾದರೂ ಅವಳ ಬಾಯಿಗೆ ಬರಲಿಲ್ಲ. ನಿನ್ನ ಹೆಸರು ಒಂದೇ ವಾರದಲ್ಲಿ ಬಂತು. ನಾನು ಕಾರಿನ ಪಕ್ಕದಲ್ಲಿ ನಿಂತು ಸುಮ್ಮನೆ ಬೂಟಿನ ಮಣ್ಣು ಕೆರೆಯುತ್ತಿದ್ದೆ — ಒಳಗೆ ಬಾ ಎಂದು ಅವಳು ನನ್ನನ್ನೂ ಕರೆಯುತ್ತಾಳೇನೋ ಎಂದು.

ಆಮೇಲೆ ಅವಳು ಬಿಲ್‌ನ ರೈಫಲ್ ನಿನಗೆ ಕೊಟ್ಟಳು. ಮೊಲ ಹೊಡೆಯುವ ಸಣ್ಣ ಬೋರಿನ ಸೆಮಿ ಆಟೋಮ್ಯಾಟಿಕ್. ದೊಡ್ಡವನ್ನೆಲ್ಲ ಇಲ್ಲಿನ ಸರ್ಕಾರ ನಿಷೇಧಿಸಿ ಜನರಿಂದ ವಾಪಸ್ ತೆಗೆದುಕೊಂಡ ಮೇಲೂ ಇಂಥದ್ದಕ್ಕೆ ಅನುಮತಿ ಉಳಿದಿತ್ತು. ನಿನ್ನ ಲೈಸೆನ್ಸಿನ ಮೇಲೆ ಅದು ನಿನ್ನ ಹೆಸರಿಗೆ ಬಂದ ದಿನ ನಾನು ನಿನ್ನ ಬೆನ್ನು ತಟ್ಟಿದೆ. ಮನೆಗೆ ಬಂದು ಊಟ ಮಾಡಲಿಲ್ಲ.

ಎರಡು ವಾರದ ನಂತರ ನೀನು ಕೇಳಿದೆ, “ಏನಪಾ ಇಂಜಿನಿಯರಾ, ಇದಕ್ಕ ಬಫರ್ ಹಾಕ್ಲೋ ಬ್ಯಾಡೋ? ಗುಂಡು ಹಾರಿದಾಗೆಲ್ಲ ಒಳಗಿನ ಬೋಲ್ಟು ಹಿಂದ ಬಂದು ಆ ಉಕ್ಕಿನ ಪಿನ್ನಿಗೆ ಬಡೀತೈತಿ. ಹಳೇ ಬಂದೂಕು. ನೀ ಹೇಳಿದಂಗ ಮಾಡ್ತೀನಿ.”

ಬೇಕಿರಲಿಲ್ಲ, ರಫೀಕ್. ಅಷ್ಟು ಸಣ್ಣ ಗುಂಡಿನ ಪೆಟ್ಟನ್ನು ಆ ಪಿನ್ ಇನ್ನೂ ಐವತ್ತು ವರ್ಷ ತಾಳುತ್ತಿತ್ತು. ಅದನ್ನು ತೆಗೆದು ಮೆತ್ತನೆಯ ಪ್ಲಾಸ್ಟಿಕ್ ಪಿನ್, ಅಂದರೆ ಬಫರ್, ಹಾಕಿದರೆ ಆಗುವ ದೊಡ್ಡ ಬದಲಾವಣೆ ಒಂದೇ — ಸದ್ದು ಅಡಗುವುದು. ಮತ್ತು ಆ ಸದ್ದಿನ ಬಗ್ಗೆ ಮಾರ್ಗರೆಟ್ ನನಗೆ ಒಮ್ಮೆ ಹೇಳಿದ್ದಳು, ನೀನು ಬರುವುದಕ್ಕೂ ಮುಂಚೆ. ಸೈಲೆನ್ಸರ್ ಇದ್ದುದರಿಂದ ಗುಂಡಿಗಿಂತ ಆ ಉಕ್ಕಿನ ‘ಟಕ್’ ಎನ್ನುವುದೇ ಅಡುಗೆಮನೆಗೆ ಕೇಳಿಸುತ್ತಿತ್ತಂತೆ. ಸಂಜೆ ಪಾತ್ರೆ ತೊಳೆಯುತ್ತ ಅದನ್ನು ಎಣಿಸುತ್ತಿದ್ದಳಂತೆ. ಎಣಿಕೆ ನಿಂತರೆ ಬಿಲ್ ಬರುತ್ತಾನೆ ಎಂದು ಚಹಾಕ್ಕೆ ಕೆಟಲ್ ಇಡುತ್ತಿದ್ದಳಂತೆ. ಅವಳು ನನಗೆ ಮಾತ್ರ ಹೇಳಿದ ಒಂದೇ ಮಾತು ಅದು. ಅದನ್ನೇ ನಾನು —

“ಹಾಕ್ಸು,” ಅಂದೆ. “ನಾನೇ ಹಾಕ್ಕೊಡ್ತೀನಿ ಬಿಡು.”

ಮುಂದಿನ ಶನಿವಾರ ನೀನು ಬೇಲಿಯ ಹತ್ತಿರ ನಾಲ್ಕು ಗುಂಡು ಹಾರಿಸಿದೆ. ಅವಳು ಸೋಪಿನ ಕೈಯಲ್ಲೇ ಹೊರಗೆ ಬಂದಳು. ಬಿಲ್‌ನ ಬಂದೂಕಿಗೆ ಏನು ಮಾಡಿದಿರಿ ಎಂದು ಕೇಳಿದಳು. ಒಳಗಿನ ಭಾಗ ಸವೆಯಬಾರದೆಂದು ಬಫರ್ ಹಾಕಿಸಿದೆ ಎಂದು ನೀನು ಹೇಳಿದೆ. ಯಾರು ಹೇಳಿದರು, ಯಾರು ಹಾಕಿದರು ಎಂದು ಹೇಳಲಿಲ್ಲ. ನಾನು, ಅವಳಿಗೆ ಅರ್ಥವಾಗಲೆಂದು ಇಂಗ್ಲಿಷಿನಲ್ಲಿ ಹೇಳಿದೆ: “ನಾನು ಬೇಡ ಅಂದಿದ್ದೆ.”

ನೀನು ನನ್ನ ಮುಖ ನೋಡಿದೆ.

ವಾಪಸ್ ಬರುವಾಗ ಕಾರಿನಲ್ಲಿ ನೀನು, “ಇರ್ಲಿ ಬಿಡಪಾ,” ಅಂದೆ, “ಆ ಹಳೇ ಪಿನ್ ಹಾಕಿ ಕೊಟ್ಬಿಡೋಣ. ಆಕಿ ಭಾಳ ನೊಂದಾಳ.” ಎಸೆದುಬಿಟ್ಟೆ ಎಂದೆ ನಾನು. ಅದು ನನ್ನ ಟೂಲ್‌ಬಾಕ್ಸಿನಲ್ಲಿತ್ತು.

ಅವಳು ರೈಫಲ್ ವಾಪಸ್ ಕೇಳಿದಳು. ನೀನು ಕೊಟ್ಟೆ. ಇನ್ನು ಬರುವುದು ಬೇಡ ಎಂದಳು, ಅದಕ್ಕೂ ತಲೆಯಾಡಿಸಿದೆ. ಆ ವರ್ಷವೇ ನೀನು ಅಂಗಡಿ ಮಾರಿ ದೂರದ ಜಾನ್ಸನ್‌ವಿಲ್‌ಗೆ ಹೋದೆ. ಅದು ಇದರಿಂದಲೇ ಎಂದು ನಾನು ಹೇಳಲಾರೆ. ನಾನು ಕೇಳಲೂ ಇಲ್ಲ.

ನಾನು ಆ ಪಿನ್ನನ್ನು ಮತ್ತೆ ಹಾಕಿ, ಎಲ್ಲೆಲ್ಲೋ ಹುಡುಕಿ ತಂದೆ ಎಂದು ಅವಳಿಗೆ ಹೇಳಿದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. ರೈಫಲ್ ನನ್ನ ಹೆಸರಿಗೆ ಬಂತು. ಒಳಗೆ ಕೂರಿಸಿ ಚಹಾ ಕೊಟ್ಟಳು. ನನಗೆ ಬೇಕಾಗಿದ್ದುದು ಇದೇ — ನಾಲ್ಕು ವರ್ಷ ಅನುಭವಿಸಿದೆ, ಸುಳ್ಳೇಕೆ ಹೇಳಲಿ. ಆದರೆ ಚಹಾ ಬಗ್ಗಿಸುತ್ತ ಅವಳು ಆಗಾಗ ಕೇಳುತ್ತಿದ್ದಳು: “ರಫೀಕ್ ಹೇಗಿದ್ದಾನೆ?” ಕೋಪದಲ್ಲೂ ಹೆಸರು ಸರಿಯಾಗಿಯೇ ಹೇಳುತ್ತಿದ್ದಳು. ನೀನಿಲ್ಲದ ಆ ಮನೆಯಲ್ಲೂ ನನಗೆ ನಿನ್ನ ಮೇಲೆ ಹೊಟ್ಟೆ ಉರಿಯುತ್ತಿತ್ತು.

ಈಗ ಫಾರ್ಮ್ ಮಾರಾಟವಾಗಿದೆ. ಅವಳು ವೃದ್ಧಾಶ್ರಮದಲ್ಲಿದ್ದಾಳೆ. ಕಳೆದ ವಾರ ಹೋಗಿ ಎಲ್ಲವನ್ನೂ ಹೇಳಿದೆ. ಬಫರ್, ಪಿನ್, ಸುಳ್ಳು, ಎಲ್ಲ. ಅವಳು ಕಂಬಳಿಯ ಅಂಚು ಸರಿಮಾಡಿದಳು. ನಂತರ ಕೇಳಿದಳು, “ಆ ಸದ್ದಿನ ಸಂಗತಿ ಅವನಿಗೆ ಗೊತ್ತಿತ್ತಾ?”

“ಇಲ್ಲ. ನನಗೆ ಮಾತ್ರ.”

“ಹಾಗಾದರೆ ನಾನು ತಪ್ಪು ಮನುಷ್ಯನನ್ನು ಹೊರಗೆ ಕಳಿಸಿದೆ,” ಅಂದಳು. “ಅವನು ಬರುತ್ತಾನಾ ಕೇಳು. ನೀನು ಬರಬೇಡ.”

ಬಾ ಎಂದು ಕೇಳುವ ಹಕ್ಕು ನನಗಿಲ್ಲ. ಕೇಳುತ್ತಿರುವವಳು ಅವಳು, ನಾನು ಮಾತು ತಲುಪಿಸುತ್ತಿದ್ದೇನೆ, ಅಷ್ಟೆ. ಅವಳ ನೆನಪು ಇನ್ನೂ ಚೆನ್ನಾಗಿದೆ, ಉಸಿರು ಮಾತ್ರ ಸ್ವಲ್ಪ ಕಷ್ಟ. ಶನಿವಾರ ಬೆಳಿಗ್ಗೆ ಹತ್ತರ ನಂತರ ಭೇಟಿಗೆ ಬಿಡುತ್ತಾರೆ. ನಾನು ಅಲ್ಲಿ ಇರುವುದಿಲ್ಲ.