ಅವ್ಯಯ ಮೇಷ್ಟ್ರ ಹದಿನಾಲ್ಕನೆಯ ನಿಯಮ

ಆ ಮನುಷ್ಯನಿಗೆ ಅವ್ಯಯ ಮೇಷ್ಟ್ರು ಎಂದು ಅಡ್ಡಹೆಸರಿಟ್ಟವರು ಯಾರೋ ಗೊತ್ತಿಲ್ಲ. ಇಟ್ಟವರಿಗೆ ವ್ಯಾಕರಣ ಮಾತ್ರ ಚೆನ್ನಾಗಿ ಗೊತ್ತಿತ್ತು. ಲಿಂಗ, ವಚನ, ವಿಭಕ್ತಿ ಯಾವುದು ಬಂದು ಮೈಮೇಲೆ ಬಿದ್ದರೂ ರೂಪ ಬದಲಿಸದೆ ಇದ್ದಲ್ಲೇ ಇರುವ ಪದಕ್ಕೆ ಅವ್ಯಯ ಎನ್ನುತ್ತಾರೆ. ಮೇಷ್ಟ್ರೂ ಹಾಗೇ ಇದ್ದರು. ಮದುವೆಯಾಗಲಿಲ್ಲ, ಹಾಗಾಗಿ ಏಕವಚನ ಬಹುವಚನವಾಗುವ ತೊಂದರೆ ಬರಲಿಲ್ಲ. ವಿಭಕ್ತಿಯ ಗೊಡವೆಯೂ ಇರಲಿಲ್ಲ: ಯಾರಿಗೂ ಏನೂ ಕೊಡಲಿಲ್ಲ, ಯಾರಿಂದಲೂ ಏನೂ ಪಡೆಯಲಿಲ್ಲ, ಯಾರಲ್ಲಿಯೂ ಮನಸ್ಸು ಇಡಲಿಲ್ಲ. ಮೂವತ್ತೊಂದು ವರ್ಷ ಒಂದೇ ಬೂದು ಕೋಟು. ಇನ್ನು ‘ಮೇಷ್ಟ್ರು’ ಎಂಬುದೋ, ಒಂದು ದಿನವಾದರೂ ಪಾಠ ಹೇಳಿ ಗಳಿಸಿದ್ದಲ್ಲ. ಕಂಡಕಂಡವರ ಮಾತನ್ನು ನಡುಬೀದಿಯಲ್ಲಿ ನಿಲ್ಲಿಸಿ ತಿದ್ದುವ ಚಟಕ್ಕೆ ಸಿಕ್ಕ ಬಿರುದು.

ಕೆಲಸ ಭಾಷಾಂತರ ವಿಭಾಗದಲ್ಲಿ. ಊರಿನ ಆಸ್ಪತ್ರೆಯಲ್ಲೋ ಕಾರ್ಖಾನೆಯಲ್ಲೋ ಏನಾದರೂ ಎಡವಟ್ಟಾದರೆ ವಿಚಾರಣಾ ಮಂಡಳಿ ಕೂರುತ್ತದೆ. ಸಾಕ್ಷಿಗಳು ಬಂದು ತಂತಮ್ಮ ಮನೆಮಾತಿನಲ್ಲಿ ಹೇಳಿಕೆ ಕೊಡುತ್ತಾರೆ. ಮಂಡಳಿಯ ಮಹಾನುಭಾವರಿಗೆ ಮನೆಮಾತು ಮನೆಯಲ್ಲಿ ಬರುತ್ತದೆ, ಕುರ್ಚಿಯಲ್ಲಿ ಕೂತಾಗ ಬರುವುದಿಲ್ಲ. ಅವರಿಗೆ ಎಲ್ಲವೂ ಕಚೇರಿ ಭಾಷೆಯಲ್ಲೇ ಆಗಬೇಕು. ಆದ್ದರಿಂದ ಮೂರನೆಯ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ, ಆರು ಮೇಜು, ಬಣ್ಣ ಬಳಿದಾಗ ಅಂಟಿಕೊಂಡು ಮತ್ತೆಂದೂ ತೆರೆಯದ ಎರಡು ಕಿಟಕಿ. ಕಿಟಕಿಯ ಪಕ್ಕದ ಮೇಜು ಮೇಷ್ಟ್ರದು.

ಆ ಮೇಜಿಗೆ ನಾಲ್ಕು ಭಾಷೆಯ ಕಾಗದಗಳು ಬರುತ್ತಿದ್ದವು. ಒಂದರಲ್ಲಿ ಮೇಜು ಹೆಣ್ಣು, ಬಾಗಿಲು ಗಂಡು. ಇನ್ನೊಂದರಲ್ಲಿ ಅವನಿಗೂ ಅವಳಿಗೂ ಒಂದೇ ಸರ್ವನಾಮ. ಕದ್ದದ್ದು ಗಂಡಸೋ ಹೆಂಗಸೋ ಎಂದು ತಿಳಿಯಲು ಕೊನೆಯ ಪುಟದವರೆಗೆ ತಾಳ್ಮೆ ಬೇಕು. ಮೂರನೆಯದರ ಕ್ರಿಯಾಪದಕ್ಕೆ ಕಾಲವೇ ಇಲ್ಲ, ಪಕ್ಕದಲ್ಲಿ ನಿನ್ನೆ ನಾಳೆ ಅಂತೇನಾದರೂ ಇದ್ದರೆ ಪುಣ್ಯ. ನಾಲ್ಕನೆಯದು ನಮ್ಮದೇ ಮಾತು. ಯಾರು ಏನು ಮಾಡಿದರು ಎಂಬುದನ್ನು ವಾಕ್ಯದ ತುದಿಯವರೆಗೂ ಬಚ್ಚಿಟ್ಟುಕೊಂಡು, ಅದು ಹೊರಬಿದ್ದ ಮೇಲೂ ಸುಮ್ಮನಿರದೆ ಬಾಲಕ್ಕೊಂದು ‘ಅಂತೆ’, ‘ಏನೋ’, ‘ಕಣೋ’ ಅಂಟಿಸುವ ಮಾತು. ಕಚೇರಿ ಭಾಷೆಯಲ್ಲಾದರೋ ಪದಗಳನ್ನು ತುಂಬಿಡಲು ಎಂಟು ಡಬ್ಬಿಗಳಿವೆ, ಎಂಟಕ್ಕೂ ಹೆಸರಿನ ಚೀಟಿ ಇದೆ. ಮೇಷ್ಟ್ರಿಗೆ ಆ ಡಬ್ಬಿಗಳೆಂದರೆ ಪ್ರಾಣ. ನಮ್ಮ ‘ಕೆಂಪು’ ನಾಮಪದದ ಡಬ್ಬಿಗೋ ಗುಣವಾಚಕದ ಡಬ್ಬಿಗೋ ಎಂದು ಆರು ತಿಂಗಳು ತಲೆ ಕೆಡಿಸಿಕೊಂಡವರು ಅವರು. ಯಾವ ಡಬ್ಬಿಗೂ ಹಿಡಿಸದ ಪದ ಸಿಕ್ಕಿದರೆ? ಎಸೆದರಾಯಿತು!

ಎಸೆಯುವುದಕ್ಕೂ ಒಂದು ಶಾಸ್ತ್ರ ಬೇಕಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಮೇಷ್ಟ್ರು ‘ಭಾಷಾಂತರಕಾರರ ಕೈಪಿಡಿ’ ಬರೆದರು. ಅರವತ್ತೊಂದು ನಿಯಮ, ನೀಲಿ ರಟ್ಟು, ರಟ್ಟಿನ ಮೇಲೆ ಅವರ ಹೆಸರು. ಹದಿನಾಲ್ಕನೆಯ ನಿಯಮ ಹೀಗಿತ್ತು: ‘ವಾಕ್ಯದ ಕೊನೆಯಲ್ಲಿ ಬರುವ ಅಂತೆ ಎಂಬುದು ಅರ್ಥವಿಲ್ಲದ ಅವ್ಯಯ, ಆಡುಮಾತಿನ ಚಟ. ಇದನ್ನು ಭಾಷಾಂತರಿಸಬೇಕಾಗಿಲ್ಲ.’ ಕಾಗದ ಉಳಿಯಿತು, ಹೊತ್ತು ಉಳಿಯಿತು ಎಂದು ಅಂದಿನ ಮುಖ್ಯಸ್ಥರು ಬೆನ್ನು ತಟ್ಟಿದರು. ಮೇಷ್ಟ್ರು ಆ ಬೆನ್ನನ್ನು ಅಂದಿನಿಂದ ಬಗ್ಗಿಸಲೇ ಇಲ್ಲ.

ಆ ಎರಡಕ್ಷರದ ಮೇಲೆ ಅವರಿಗೆ ಅಷ್ಟು ಹಗೆ ಯಾಕೆಂದರೆ, ಅದನ್ನು ಅವರು ಮನೆಯಲ್ಲಿ ಸಾಕುತ್ತಿದ್ದರು. ಗಂಡ ಸತ್ತ ಮೇಲೆ ತಂಗಿ ಇವರ ಜೊತೆಗೇ ಇದ್ದಳು. ಬೆಳಿಗ್ಗೆ ಹಾಲಿನವಳ ಹತ್ತಿರ ಒಂದು ಕಂತೆ, ಮಧ್ಯಾಹ್ನ ನಲ್ಲಿಯ ಹತ್ತಿರ ಇನ್ನೊಂದು ಕಂತೆ ಸುದ್ದಿ ಕಟ್ಟಿಕೊಂಡು ಬಂದು, ಅಣ್ಣ ಊಟಕ್ಕೆ ಕೂತಾಗ ಬಿಚ್ಚುತ್ತಿದ್ದಳು. ಮೇಲಿನ ಮನೆಯವರ ಅಳಿಯ ಜಗಳ ಆಡಿದನಂತೆ, ದರ್ಜಿಗೆ ಕಣ್ಣು ಕಾಣುವುದಿಲ್ಲವಂತೆ. “ಮೊದಲು ಆ ಅಂತೆ ಬಿಟ್ಟು ಮಾತಾಡು, ಆಮೇಲೆ ಕೇಳ್ತೀನಿ” ಎಂದು ಮೇಷ್ಟ್ರು ತಟ್ಟೆಗೆ ಬೈಯುತ್ತಿದ್ದರು. ಅವಳು ಬಿಡುತ್ತಲೂ ಇರಲಿಲ್ಲ, ಇವರು ಕೇಳುತ್ತಲೂ ಇರಲಿಲ್ಲ.

ನಿವೃತ್ತಿಗೆ ಇನ್ನು ಎರಡು ತಿಂಗಳು ಎನ್ನುವಾಗ, ಒಂದು ಬೆಳಿಗ್ಗೆ, ನಲವತ್ತು ದಾಟಿದ ಹೆಂಗಸೊಬ್ಬಳು ಎರಡು ಕಾಗದ ಹಿಡಿದು ಅವರ ಮೇಜಿನ ಮುಂದೆ ಬಂದು ನಿಂತಳು.

“ಇದನ್ನ ಭಾಷಾಂತರ ಮಾಡಿದ್ದು ನೀವೇನಾ?”

“ಸಹಿ ಇದೆಯಲ್ಲ. ಓದೋಕೆ ಬರುತ್ತೆ ತಾನೆ?”

“ಬರುತ್ತೆ. ಎರಡೂ ಭಾಷೆ ಬರುತ್ತೆ. ಅದಕ್ಕೇ ಬಂದದ್ದು.”

ಆಕೆ ಹದಿನೆಂಟು ವರ್ಷ ಆಸ್ಪತ್ರೆಯಲ್ಲಿ ನರ್ಸು. ಒಂದು ಮಧ್ಯಾಹ್ನ ಅವಳ ವಾರ್ಡಿನಲ್ಲಿ ಮುದುಕರೊಬ್ಬರು ಮಂಚದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ಕಸ ಗುಡಿಸುವ ಹೆಂಗಸು ಮಂಡಳಿಯ ಗುಮಾಸ್ತನ ಮುಂದೆ ಹೇಳಿಕೆ ಕೊಟ್ಟಿದ್ದಳು: “ನಾನು ಒಳಗೆ ಬರೋ ಹೊತ್ತಿಗೆ ತಾತ ನೆಲದ ಮೇಲಿದ್ರು. ನರ್ಸಮ್ಮ ಕುರ್ಚೀಲಿ ನಿದ್ದೆ ಹೊಡೀತಿದ್ರಂತೆ.” ಮೇಷ್ಟ್ರ ಕೈಯಲ್ಲಿ ಅದು ಚೊಕ್ಕವಾಗಿ ಹೊರಬಂದಿತ್ತು: ತಾತ ನೆಲದ ಮೇಲಿದ್ದರು, ನರ್ಸು ಕುರ್ಚಿಯಲ್ಲಿ ನಿದ್ರಿಸುತ್ತಿದ್ದರು. ಅಷ್ಟು ಓದಿದ ಮಂಡಳಿ ಆಕೆಯನ್ನು ಕೆಲಸದಿಂದ ವಜಾ ಮಾಡಿ ನೋಂದಣಿಯನ್ನೂ ರದ್ದು ಮಾಡಿತ್ತು. ನೋಂದಣಿ ಹೋದರೆ ಆಕೆ ಇನ್ನೆಲ್ಲಿಯೂ ನರ್ಸಾಗುವ ಹಾಗಿಲ್ಲ.

“ನಾನು ಪಕ್ಕದ ಕೋಣೇಲಿ ವಾಂತಿ ಮಾಡ್ಕೊಳ್ತಿದ್ದವಳ ಬೆನ್ನು ನೀವ್ತಾ ಇದ್ದೆ” ಎಂದಳು ನರ್ಸು. “ನಾನು ಮಲಗಿದ್ದೆ ಅನ್ನೋದನ್ನ ಗುಡಿಸೋಳು ನೋಡಿಲ್ಲ. ನೋಡಿದ್ದೀನಿ ಅಂತ ಹೇಳಿಯೂ ಇಲ್ಲ. ಯಾರೋ ಅಂದದ್ದನ್ನ ಅಂದಿದ್ದಾಳೆ. ಅವಳ ಕಣ್ಣಿಗೆ ಅದನ್ನ ತೋರಿಸಿದ್ದು ನೀವು.”

“ಅಂತೆ ಅನ್ನೋದು ಪದವೇ ಅಲ್ಲ ಕಣಮ್ಮಾ. ಅವ್ಯಯ. ಅದಕ್ಕೆ ಅರ್ಥ ಇಲ್ಲ.”

“ಅರ್ಥ ಇಲ್ಲದ್ದನ್ನ ತೆಗೆದದ್ದಕ್ಕೆ ನನ್ನ ಕೆಲಸ ಹೇಗೆ ಹೋಯ್ತು?”

ಮೇಷ್ಟ್ರು ಕನ್ನಡಕ ಒರೆಸಿ, “ಮೇಲ್ಮನವಿ ಹಾಕ್ಕೊಳ್ಳಿ” ಎಂದರು.

“ಹಾಕಿದ್ದೀನಿ. ಮೂರು ವಾರಕ್ಕೆ ತೀರ್ಮಾನ. ಅಲ್ಲಿ ಮನುಷ್ಯರನ್ನ ಕರೆಯೋದಿಲ್ಲವಂತೆ, ಕಾಗದ ಮಾತ್ರ ನೋಡ್ತಾರಂತೆ. ಕಾಗದ ನಿಮ್ಮದು.”

ಆ ಸಂಜೆ ತಂಗಿ ತಟ್ಟೆ ಇಡುತ್ತಲೇ ಶುರುಮಾಡಿದಳು. “ಅಣ್ಣಾ, ಕೆಳಗಿನ ಮನೆಯೋರು ಖಾಲಿ ಮಾಡ್ತಾರಂತೆ.”

“ಯಾರು ಹೇಳಿದ್ದು?” ಎಂದುಬಿಟ್ಟರು ಮೇಷ್ಟ್ರು.

ಇಷ್ಟು ವರ್ಷದಲ್ಲಿ ಅಣ್ಣ ಹಾಗೆ ಕೇಳಿದ್ದೇ ಇಲ್ಲ. ತಂಗಿ ಸೌಟು ಹಿಡಿದುಕೊಂಡೇ ನಿಂತಳು. “ಹಾಲಿನವಳು. ಯಾಕೆ?”

“ಸದಾ ಅಂತೆ, ಅಂತೆ. ಕಣ್ಣಾರೆ ನೋಡಿ ಹೇಳೋಕೆ ಏನು ಕಷ್ಟ ನಿನಗೆ?”

“ನೋಡಿದ್ದನ್ನ ನೋಡ್ದೆ ಅಂತೀನಿ, ಕೇಳಿದ್ದನ್ನ ಅಂತೆ ಅಂತೀನಿ. ನೋಡದೇ ಇದ್ದದ್ದನ್ನ ನೋಡ್ದೆ ಅನ್ನೋಕೆ ನಾನೇನು ನಿಮ್ಮ ಕಚೇರೀಲಿ ಕೆಲಸ ಮಾಡ್ತೀನಾ?”

ಮೇಷ್ಟ್ರು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದರು. ‘ಯಾರು ಹೇಳಿದ್ದು’ ಎಂಬ ಪ್ರಶ್ನೆ ತಮ್ಮ ಬಾಯಿಗೆ ಬಂದದ್ದೇ ಆ ‘ಅಂತೆ’ಯಿಂದ. ಮಂಡಳಿಯವರು ಗುಡಿಸುವವಳನ್ನು ಈ ಪ್ರಶ್ನೆ ಕೇಳಲೇ ಇಲ್ಲ. ಹೇಗೆ ಕೇಳಿಯಾರು? ಅವರ ಕೈಗೆ ಹೋದ ಕಾಗದದಲ್ಲಿ ಅವಳು ಎಲ್ಲವನ್ನೂ ಕಣ್ಣಾರೆ ಕಂಡಿದ್ದಳಲ್ಲ!

ಮರುದಿನ ಅವರು ರಜೆ ಹಾಕಿ ಗ್ರಂಥಾಲಯಕ್ಕೆ ಹೋದರು. ಮೂವತ್ತೊಂದು ವರ್ಷ ಭಾಷೆಯ ಅನ್ನ ತಿಂದ ಮನುಷ್ಯ ಭಾಷಾಶಾಸ್ತ್ರದ ಕಪಾಟಿನ ಕಡೆ ತಲೆ ಹಾಕಿದ್ದು ಅದೇ ಮೊದಲು. ಒಂದು ದಪ್ಪ ಪುಸ್ತಕದಲ್ಲಿ ದೂರದ ಭಾಷೆಗಳ ಸಂಗತಿ ಇತ್ತು. ಅಲ್ಲಿ ಕೆಲವು ಕಡೆ ‘ಮಳೆ ಬಂತು’ ಎಂದು ಬರಿದೆ ಹೇಳುವ ಹಾಗೇ ಇಲ್ಲ. ಕಂಡು ಹೇಳಿದರೆ ಕ್ರಿಯಾಪದಕ್ಕೆ ಒಂದು ಪ್ರತ್ಯಯ, ಸದ್ದು ಕೇಳಿ ಹೇಳಿದರೆ ಇನ್ನೊಂದು, ನೆಲ ಒದ್ದೆಯಿದ್ದದ್ದು ನೋಡಿ ಊಹಿಸಿದರೆ ಬೇರೊಂದು, ಯಾರೋ ಹೇಳಿದ್ದಾದರೆ ಮತ್ತೊಂದು. ಪ್ರತ್ಯಯ ಬಿಟ್ಟರೆ ವಾಕ್ಯವೇ ಆಗುವುದಿಲ್ಲ. ಅಲ್ಲಿ ಕ್ರಿಯಾಪದ ಮೈಮುರಿದು ಮಾಡುವ ಕೆಲಸದಲ್ಲಿ ಒಂದು ಪಾಲನ್ನು ನಮ್ಮಲ್ಲಿ ಎರಡೇ ಅಕ್ಷರ ಬಾಲದಲ್ಲಿ ಕೂತು ಮಾಡುತ್ತಿತ್ತು, ಅದನ್ನೇ ಇವರು ಕತ್ತರಿಸಿ ಬಿಸಾಡಿದ್ದರು. ನಾಚಿಕೆಯಿಂದ ಅವರ ಕಿವಿ ಬಿಸಿಯಾಯಿತು. ಬಿಸಿಯಾಗಲಿ, ಇಪ್ಪತ್ತೆರಡು ವರ್ಷ ತಡವಾಗಿ ಬಿಸಿಯಾದ ಕಿವಿ ಅದು.

ಮೇಷ್ಟ್ರು ಕಾಗದ ಬರೆದರು. ಹದಿನಾಲ್ಕನೆಯ ನಿಯಮ ತಪ್ಪು, ಅದು ನನ್ನ ತಪ್ಪು, ಸಾಕ್ಷಿ ಹೇಳಿದ್ದು ಕೇಳಿದ ಮಾತೇ ಹೊರತು ಕಂಡದ್ದಲ್ಲ. ಒಂದು ಪ್ರತಿ ಮೇಲ್ಮನವಿ ಮಂಡಳಿಗೆ, ಒಂದು ಪ್ರತಿ ವಿಭಾಗದ ಮುಖ್ಯಸ್ಥರಿಗೆ. ಬೆಳಿಗ್ಗೆ ಕೊಟ್ಟ ಕಾಗದಕ್ಕೆ ಮಧ್ಯಾಹ್ನವೇ ಮುಖ್ಯಸ್ಥರಿಂದ ಕರೆ ಬಂತು.

“ಏನ್ರೀ ಇದು? ಹಾಗಾದ್ರೆ ಇಪ್ಪತ್ತೆರಡು ವರ್ಷದ ಫೈಲೆಲ್ಲ ತಪ್ಪಾ?”

“ಎಷ್ಟರಲ್ಲಿ ಅಂತೆ ಇತ್ತೋ ಅಷ್ಟೂ ತಪ್ಪು, ಸಾರ್.”

“ಎಷ್ಟರಲ್ಲಿತ್ತು?”

“ನಮ್ಮ ಜನ ಸಾರ್. ಎಲ್ಲದರಲ್ಲೂ ಇತ್ತು.”

ಮುಖ್ಯಸ್ಥರು ಮೇಷ್ಟ್ರನ್ನು ಮೇಲಿನಿಂದ ಕೆಳಗೆ ನೋಡಿದರು. ಆ ಫೈಲುಗಳು ಬಿಚ್ಚಿಕೊಂಡರೆ ಮೊದಲು ಉರುಳುವ ಕುರ್ಚಿ ಯಾವುದೆಂದು ಅವರಿಗೆ ಗೊತ್ತಿತ್ತು. “ಕೈಪಿಡಿಯ ಎರಡನೆಯ ಮುದ್ರಣ ನಿಮ್ಮ ಬೀಳ್ಕೊಡುಗೆ ದಿನವೇ ಬರಲಿ ಅಂತಿದ್ದೆ” ಎಂದರು. “ಕಾಗದ ವಾಪಸ್ ತಗೊಳ್ಳಿ.”

“ಇಲ್ಲ ಸಾರ್.”

ಅವ್ಯಯ ಅಲ್ಲವೇ, ಬದಲಾಗಲಿಲ್ಲ. ಹುಟ್ಟಿದಾಗಿನಿಂದ ಆ ಗುಣದಿಂದ ಯಾರಿಗೂ ಮೂರು ಕಾಸಿನ ಉಪಯೋಗ ಆಗಿರಲಿಲ್ಲ, ಅಂದು ಒಬ್ಬಳಿಗೆ ಆಗುವ ಹಾಗೆ ಕಂಡಿತು. ಅದೇ ಹುರುಪಿನಲ್ಲಿ ಮೇಷ್ಟ್ರು ಎರಡು ವಾರ ಕಾರಿಡಾರಿನಲ್ಲಿ ಅಡ್ಡಾಡುತ್ತ, ಮೇಲ್ಮನವಿಯವರು ಕರೆದರೆ ಏನು ಹೇಳಬೇಕೆಂದು ಗಟ್ಟಿಯಾಗಿಯೇ ಅಭ್ಯಾಸ ಮಾಡಿದರು. ಕಂಡದ್ದು ಬೇರೆ, ಕೇಳಿದ್ದು ಬೇರೆ ಎಂದು ಗೋಡೆಗೆ ತಿಳಿಹೇಳಿದರು.

ಮೇಲ್ಮನವಿಯವರು ಕರೆಯಲಿಲ್ಲ. ಅವರು ಮನುಷ್ಯರನ್ನು ಕರೆಯುವ ಪೈಕಿಯೇ ಅಲ್ಲ. ಬದಲಿಗೆ, ಈ ಭಾಷಾಂತರಕಾರರ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ವಿಭಾಗವನ್ನು ಕೇಳಿದರು. ಮುಖ್ಯಸ್ಥರು ಮಹಡಿಯ ಜವಾನನನ್ನು ಕರೆಸಿ ಹೇಳಿಕೆ ಬರೆಸಿಕೊಂಡರು. ಜವಾನ ಒಳ್ಳೆಯವನೇ, ಮೇಷ್ಟ್ರ ಮೇಲೆ ಅವನಿಗೆ ಹಗೆಯೇನೂ ಇರಲಿಲ್ಲ. ತಿಳಿದದ್ದನ್ನು ತಿಳಿದ ಹಾಗೆ ಹೇಳಿದ: “ಮೇಷ್ಟ್ರಿಗೆ ಅರಳುಮರಳು ಶುರುವಾಗಿದೆಯಂತೆ ಸಾರ್. ಒಬ್ಬೊಬ್ಬರೇ ಮಾತಾಡ್ಕೋತಾರಂತೆ. ತಾವೇ ಬರೆದದ್ದು ಮರೆತುಹೋಗುತ್ತಂತೆ.” ಹೇಳಿಕೆ ಭಾಷಾಂತರಕ್ಕೆ ಬಂತು. ಎದುರು ಮೇಜಿನ ಕಿರಿಯ ಭಾಷಾಂತರಕಾರ್ತಿ ಅದನ್ನು ಕಾಲು ಗಂಟೆಯಲ್ಲಿ ಮುಗಿಸಿ ಕಳಿಸಿದಳು.

ಮೂರನೆಯ ವಾರ ಆದೇಶದ ಪ್ರತಿ ಬಂತು. ಮೇಷ್ಟ್ರು ನಿಂತೇ ಓದಿದರು. ‘ಸದರಿ ಭಾಷಾಂತರಕಾರರಿಗೆ ಅರಳುಮರಳು ಉಂಟಾಗಿದೆ. ಅವರು ಒಬ್ಬರೇ ಮಾತನಾಡುತ್ತಾರೆ. ತಾವು ಬರೆದುದನ್ನು ಮರೆಯುತ್ತಾರೆ. ಆದ್ದರಿಂದ ಅವರ ಪತ್ರವನ್ನು ಪರಿಗಣಿಸಲಾಗದು. ಮೇಲ್ಮನವಿ ವಜಾ.’ ಅವರು ಕಾಗದ ಹಿಡಿದು ಎದುರು ಮೇಜಿಗೆ ಹೋದರು.

“ಜವಾನ ಹೇಳಿದ್ದು ಇದಾ?”

“ಹೌದು ಸಾರ್.”

“ಅಂತೆ ಅಂದಿರಲಿಲ್ವಾ ಅವನು?”

“ಮೂರು ಸಲ ಅಂದಿದ್ದ ಸಾರ್.”

“ಮತ್ತೆ?”

ಅವಳು ಹೆದರಿಕೊಂಡು ಖಾನೆಯಿಂದ ನೀಲಿ ರಟ್ಟಿನ ಪುಸ್ತಕ ತೆಗೆದು, ಅದರಲ್ಲಿ ಬೆರಳಿಟ್ಟು ತೋರಿಸಿದಳು. ಕೆಲಸಕ್ಕೆ ಸೇರಿದ ಮೊದಲ ವಾರ ಮೇಷ್ಟ್ರೇ ಅವಳಿಂದ ಅದನ್ನು ಬಾಯಿಪಾಠ ಮಾಡಿಸಿದ್ದರು. ಒಂದು ಸಲ ‘ಅಂತೆ’ಯನ್ನು ಭಾಷಾಂತರಿಸಿದ್ದಕ್ಕೆ ಎಲ್ಲರೆದುರು ಉಗಿದಿದ್ದರು ಕೂಡ. “ನಿಮ್ಮ ನಿಯಮ ಸಾರ್, ಹದಿನಾಲ್ಕು” ಎಂದಳು ಅವಳು.

ಮೇಷ್ಟ್ರು ಅಂದು ಮಧ್ಯಾಹ್ನವೇ ನರ್ಸಿನ ಮನೆ ಹುಡುಕಿಕೊಂಡು ಹೋದರು. ಗಡಿಯಾರದ ಅಂಗಡಿಯ ಮೇಲೆ ಎರಡು ಕೋಣೆ, ಕಡಿದಾದ ಮೆಟ್ಟಿಲು. ಬಾಗಿಲು ತೆರೆದೇ ಇತ್ತು. ಆಕೆ ಇಸ್ತ್ರಿ ಮಾಡಿದ ಮೂರು ಬಿಳಿ ಸಮವಸ್ತ್ರಗಳನ್ನು ಆಸ್ಪತ್ರೆಗೆ ಹಿಂದಿರುಗಿಸಲು ಕಾಗದದಲ್ಲಿ ಸುತ್ತುತ್ತಿದ್ದಳು. ಒಳಗೆ ಬನ್ನಿ ಎನ್ನಲಿಲ್ಲ.

“ಮೇಲ್ಮನವಿ ವಜಾ ಆಯ್ತು” ಎಂದರು ಮೇಷ್ಟ್ರು.

“ನನಗೂ ಬಂತು ಕಾಗದ.”

“ನಾನು ಬರೆದಿದ್ದೆ. ತಪ್ಪು ನನ್ನದೇ ಅಂತ ಒಪ್ಪಿಕೊಂಡು ಬರೆದಿದ್ದೆ. ಅವರು ಅದನ್ನ...” ಮೇಷ್ಟ್ರಿಗೆ ಮುಂದಿನ ಕ್ರಿಯಾಪದ ಸಿಗಲಿಲ್ಲ. ಯಾವುದನ್ನು ಹಾಕಿದರೂ ಅದರ ಕರ್ತೃ ತಾವೇ ಆಗುತ್ತಿದ್ದರು.

ಆಕೆ ದಾರದ ಗಂಟು ಬಿಗಿದು, ಹಲ್ಲಿನಿಂದ ಕಡಿದು, ಪೊಟ್ಟಣವನ್ನು ಪಕ್ಕಕ್ಕಿಟ್ಟಳು. ಒಳಗಿನ ಕೋಣೆಯಿಂದ ಆಕೆಯ ತಾಯಿ, “ಯಾರೇ ಅದು ಬಂದಿರೋದು?” ಎಂದು ಕೂಗಿದರು.

ನರ್ಸು ಮೇಷ್ಟ್ರ ಮುಖವನ್ನೇ ನೋಡುತ್ತ ಉತ್ತರ ಕೊಟ್ಟಳು. “ಭಾಷಾಂತರದವರಮ್ಮಾ. ನನಗೋಸ್ಕರ ತುಂಬ ಕಷ್ಟಪಟ್ಟರಂತೆ.”